ಹಿಮದ ಬಟಾಣಿಯೂ ಎರೆಯ ಹಕ್ಕರಕಿಯೂ

ತಾಜಾ ತರಕಾರಿ ಮೇಲೋ, ಹೆಪ್ಪುಗಟ್ಟಿಸಿ ಚೀಲದಲ್ಲಿ ಮಾರುವ ತರಕಾರಿ ಮೇಲೋ ಎಂಬ ಚರ್ಚೆ ಮಹಾನಗರದ ಅಡುಗೆಮನೆಗಳಿಂದ ಹೊರಟು ಬಯಲುಸೀಮೆಯ ಪಟ್ಟಣಗಳನ್ನು ತಲುಪಿದೆ. ಗದಗ, ಹುಬ್ಬಳ್ಳಿಗಳ ದೊಡ್ಡ ಅಂಗಡಿಗಳಲ್ಲಿ ಗಾಜಿನ ಮುಚ್ಚಳದ ಶೀತಪೆಟ್ಟಿಗೆಗಳು ಬಂದು ಕುಳಿತಿವೆ. ಅವುಗಳೊಳಗೆ ಹಸಿರು ಬಟಾಣಿ, ಸಿಹಿ ಗೋವಿನಜೋಳ, ಹೆಚ್ಚಿದ ಗಜ್ಜರಿ, ಬೀನ್ಸ್. ಒಂದು ಪಕ್ಷದವರಿಗೆ ಇದು ವಿಜ್ಞಾನದ ವರ, ಇನ್ನೊಂದು ಪಕ್ಷದವರಿಗೆ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿದ ವಿಷ. ಇಬ್ಬರೂ ಸಮಾನ ಉತ್ಸಾಹದಿಂದ ವಾದಿಸುತ್ತಾರೆ, ಮತ್ತು ಇಬ್ಬರೂ ಒಂದು ಪ್ರಶ್ನೆಯನ್ನು ಕೇಳದೆಯೇ ಬಿಡುತ್ತಾರೆ. ಯಾರ ಅಡುಗೆಮನೆ, ಯಾವ ನೆಲ, ಯಾವ ತಿಂಗಳು? ಇದನ್ನು ಕೇಳದೆ ತರಕಾರಿಯ ಗುಣದೋಷ ಹೇಳುವುದು ಊರು ಕೇಳದೆ ಮಳೆಯ ಲೆಕ್ಕ ಹೇಳಿದಂತೆ.

ಆದ್ದರಿಂದ ಒಂದು ಊರನ್ನು ಎದುರಿಗಿಟ್ಟುಕೊಂಡೇ ಮಾತು ಮುಂದುವರಿಯಬೇಕು. ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಯಾವಗಲ್ ಎರೆ ಸೀಮೆಯ ಹಳ್ಳಿ. ಬೆಣ್ಣಿಹಳ್ಳ ಹರಿದು ಮಲಪ್ರಭೆಯನ್ನು ಸೇರುವ ಬಯಲು ಇದು. ವರ್ಷಕ್ಕೆ ಆರುನೂರು ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ. ಈ ಆಳವಾದ ಕರಿಮಣ್ಣಿನ ಸೀಮೆಯಲ್ಲಿ ನೆಲದೊಳಗಿನ ನೀರು ಬಹುಮಟ್ಟಿಗೆ ಸವಳು. ಕುಡಿಯಲು ಕೆರೆಯನ್ನೇ ನಂಬಿ ಬದುಕಿದ ಜನ. ಜೋಳ, ಕಡಲೆ, ಹತ್ತಿ, ಗೋಧಿ, ಕುಸುಬೆ, ಹೆಸರು, ಉಳ್ಳಾಗಡ್ಡಿ, ಮೆಣಸಿನಕಾಯಿ ಇಲ್ಲಿಯ ಬೆಳೆಗಳು.

ಗುಡ್ಡದ ಊರುಗಳ ಓದುಗರಿಗೆ ಬಯಲಿನ ಈ ಸುದ್ದಿ ಏಕೆಂದು ಅನ್ನಿಸಬಹುದು. ಮಲಪ್ರಭೆ ಹುಟ್ಟುವುದು ಸಹ್ಯಾದ್ರಿಯ ಕಣಕುಂಬಿಯಲ್ಲಿ, ಖಾನಾಪುರದ ಕಾಡುಗಳ ನಡುವೆ. ಗುಡ್ಡ ಇಳಿಸಿಕೊಟ್ಟ ನೀರು ಬಯಲಿನಲ್ಲಿ ಏನಾಗುತ್ತದೆ, ಯಾರ ಹೊಟ್ಟೆಗೆ ಸೇರುತ್ತದೆ ಎಂದು ಕೇಳುವ ಹಕ್ಕೂ ಹೊಣೆಯೂ ಗುಡ್ಡದವರಿಗಿದೆ. ಯಾವಗಲ್ಲಿನ ಹೊಲದಲ್ಲಿ ಇಂದು ನಡೆಯುತ್ತಿರುವುದು ಅಡಿಕೆ ತೋಟದ ಕಾಲುದಾರಿಯಲ್ಲೂ ನಡೆಯುತ್ತಿದೆ ಎಂಬುದು ಎರಡನೆಯ ಕಾರಣ. ಆ ಮಾತು ಮುಂದೆ ಬರುತ್ತದೆ.

ಮೊದಲು ಹೆಪ್ಪುಗಟ್ಟಿಸಿದ ತರಕಾರಿಗೆ ಸಲ್ಲಬೇಕಾದ ನ್ಯಾಯ ಸಲ್ಲಲಿ. ಚಳವಳಿಯವರಿಗೆ ಅನುಕೂಲವಾದ ಸುಳ್ಳೂ ಸುಳ್ಳೇ. ಕಾರ್ಖಾನೆಯಲ್ಲಿ ತರಕಾರಿಯನ್ನು ತೊಳೆದು, ಕುದಿಯುವ ನೀರಿನಲ್ಲಿ ಅಥವಾ ಹಬೆಯಲ್ಲಿ ಕೆಲವು ನಿಮಿಷ ಅದ್ದಿ ತೆಗೆಯುತ್ತಾರೆ. ಬಣ್ಣ, ರುಚಿಗಳನ್ನು ಕೆಡಿಸುವ ಕಿಣ್ವಗಳು ಆಗ ನಿಷ್ಕ್ರಿಯವಾಗುತ್ತವೆ. ಬಳಿಕ ತಣಿಸಿ, ಕಾಳುಕಾಳಾಗಿ ಬಿಡಿಬಿಡಿಯಾಗಿಯೇ ಅತಿವೇಗದಿಂದ ಹೆಪ್ಪುಗಟ್ಟಿಸಿ, ಶೂನ್ಯಕ್ಕಿಂತ 18 ಡಿಗ್ರಿ ಸೆಲ್ಸಿಯಸ್ ಕೆಳಗಿನ ಶೀತದಲ್ಲಿ ಇಡುತ್ತಾರೆ. ಬಿಸಿನೀರಿನ ಸ್ನಾನದಲ್ಲಿ ಸಿ ಜೀವಸತ್ವದ ಒಂದು ಪಾಲು ಹೋಗುತ್ತದೆ ನಿಜ. ಉಳಿದದ್ದು ಶೀತದಲ್ಲಿ ತಿಂಗಳುಗಟ್ಟಲೆ ಬಹುತೇಕ ಹಾಗೆಯೇ ಉಳಿಯುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದವರು 2015ರಲ್ಲಿ ಎಂಟು ಬಗೆಯ ಹಣ್ಣು-ತರಕಾರಿಗಳ ಜೀವಸತ್ವಗಳನ್ನು ಅಳೆದರು. ಹೆಪ್ಪುಗಟ್ಟಿಸಿದವು ಒಟ್ಟಾರೆ ತಾಜಾ ತರಕಾರಿಗೆ ಸರಿಸಮನಾಗಿದ್ದವು, ಕೆಲವೆಡೆ ಒಂದು ಕೈ ಮೇಲೂ ಆಗಿದ್ದವು. ಕೆಲವು ತರಕಾರಿಗಳಲ್ಲಿ ಬೀಟಾ ಕ್ಯಾರೊಟಿನ್ ಮಾತ್ರ ತೀವ್ರವಾಗಿ ಕುಸಿದಿತ್ತು.

ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಕಿತ್ತ ಸೊಪ್ಪು ಸತ್ತ ವಸ್ತುವಲ್ಲ. ಅದು ಉಸಿರಾಡುತ್ತಿರುತ್ತದೆ, ತನ್ನ ಸತ್ವವನ್ನು ತಾನೇ ತಿನ್ನುತ್ತಿರುತ್ತದೆ. ಬಿಸಿಲಿನಲ್ಲಿ ಲಾರಿಯ ಮೇಲೆ ಹೇರಿ ತಂದ ಸೊಪ್ಪು ಎರಡು-ಮೂರು ದಿನಗಳಲ್ಲಿ ಸಿ ಜೀವಸತ್ವದ ದೊಡ್ಡ ಪಾಲನ್ನು ಕಳೆದುಕೊಂಡಿರುತ್ತದೆ. ಮೂರು ಮಾರುಕಟ್ಟೆಗಳನ್ನು ದಾಟಿ, ನಾಲ್ಕು ಸಲ ನೀರು ಚಿಮುಕಿಸಿಕೊಂಡು, ಐದನೆಯ ದಿನ ತಳ್ಳುಗಾಡಿಯ ಮೇಲೆ ಮಿನುಗುವ ಹೂಕೋಸನ್ನು ‘ತಾಜಾ’ ಎಂದು ಕರೆಯುವುದು ವ್ಯಾಪಾರದ ಭಾಷೆ. ಹಸಿರಿನ ಹೆಸರಿನಲ್ಲಿ ಇನ್ನೂ ಹೀನವಾದ ವಂಚನೆಯೂ ನಡೆಯುತ್ತದೆ: ಒಣ ಬಟಾಣಿಯನ್ನು ನೆನೆಸಿ, ಬಣ್ಣ ಹಾಕಿ, ಹಸಿ ಬಟಾಣಿಯೆಂದು ಮಾರುವುದು. ಹಸಿರು ತರಕಾರಿಗೆ ಮ್ಯಾಲಕೈಟ್ ಗ್ರೀನ್ ಎಂಬ ಬಟ್ಟೆಯ ಬಣ್ಣ ಬಳಿದಿದೆಯೇ ಎಂದು ನೋಡುವ ಸುಲಭ ಪರೀಕ್ಷೆಯನ್ನು ಭಾರತೀಯ ಆಹಾರ ಸುರಕ್ಷತಾ ಪ್ರಾಧಿಕಾರವೇ 2021ರಲ್ಲಿ ಜನರಿಗೆ ತಿಳಿಸಬೇಕಾಯಿತು. ಲಿಕ್ವಿಡ್ ಪ್ಯಾರಫಿನ್‌ನಲ್ಲಿ ಅದ್ದಿದ ಹತ್ತಿಯಿಂದ ಬೆಂಡೆಕಾಯಿಯ ಹೊರಮೈಯನ್ನು ಉಜ್ಜಬೇಕು. ಹತ್ತಿ ಹಸಿರಾದರೆ ಬಣ್ಣ ಬೆರೆತಿದೆ ಎಂದರ್ಥ. ಶಾಲೆಯ ಮಕ್ಕಳೂ ಮಾಡಿ ನೋಡಬಹುದಾದ ಪರೀಕ್ಷೆ. ಇಂಥ ‘ತಾಜಾ’ದ ಎದುರು ಪ್ರಾಮಾಣಿಕವಾಗಿ ಹೆಪ್ಪುಗಟ್ಟಿಸಿದ ಬಟಾಣಿಯೇ ಮೇಲೆಂದರೆ ಅಲ್ಲಗಳೆಯುವಂತಿಲ್ಲ.

ಅಮೆರಿಕದ ಚಳಿಸೀಮೆಯಲ್ಲಿ ನೆಲೆಸಿದ ಕನ್ನಡ ಕುಟುಂಬವೊಂದು ಭಾರತೀಯ ಅಂಗಡಿಯ ಶೀತಪೆಟ್ಟಿಗೆಯಿಂದ ಅವರೆಕಾಳು, ಮೆಂತ್ಯದ ಸೊಪ್ಪು, ತುರಿದ ಕೊಬ್ಬರಿಯ ಪೊಟ್ಟಣ ತಂದು ಅಡುಗೆ ಮಾಡಿದರೆ ಅದರಲ್ಲಿ ಟೀಕಿಸಬೇಕಾದದ್ದು ಏನೂ ಇಲ್ಲ. ಅಲ್ಲಿಯ ನೆಲ ತಿಂಗಳುಗಟ್ಟಲೆ ಹಿಮದಡಿ ಇರುತ್ತದೆ. ಈ ವಿದ್ಯೆ ಹುಟ್ಟಿದ್ದೂ ಅಂಥ ಸೀಮೆಯಲ್ಲೇ. ಕ್ಲಾರೆನ್ಸ್ ಬರ್ಡ್ಸ್‌ಐ ಎಂಬಾತ ಲ್ಯಾಬ್ರಡಾರ್‌ನ ಕೊರೆಯುವ ಗಾಳಿಯಲ್ಲಿ ಮೂಲನಿವಾಸಿಗಳು ಹಿಡಿದ ಮೀನು ಕ್ಷಣದಲ್ಲಿ ಹೆಪ್ಪುಗಟ್ಟುವುದನ್ನೂ ತಿಂಗಳುಗಳ ಬಳಿಕ ರುಚಿ ಕೆಡದಿರುವುದನ್ನೂ ಕಂಡು ಕಲಿತ. 1930ರಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಪಟ್ಟಣದ ಅಂಗಡಿಗಳಲ್ಲಿ ಅಂಥ ಆಹಾರದ ಚಿಲ್ಲರೆ ಮಾರಾಟ ಶುರುವಾಯಿತು. ಆ ನಾಡಿನ ಚಳಿಗಾಲಕ್ಕೆ ಅದು ತಕ್ಕ ಉತ್ತರ. ಆದರೆ ಯಾವಗಲ್ಲಿನ ಚಳಿಗಾಲವೆಂದರೆ ವರ್ಷದಲ್ಲೇ ಅತ್ಯಂತ ಹಸಿರಾದ ಕಾಲ. ಅಲ್ಲಿಯ ಉತ್ತರವನ್ನು ಇಲ್ಲಿಗೆ ತಂದು, ಇಲ್ಲಿ ಇಲ್ಲದ ಪ್ರಶ್ನೆಯೊಂದನ್ನು ಅದರ ಬೆನ್ನಿಗೆ ಕಟ್ಟುವುದು ವ್ಯಾಪಾರಿಗಳ ಜಾಣತನ.

ಶೀತಪೆಟ್ಟಿಗೆಗೆ ಒಗ್ಗದ ಊಟ

ಎರೆ ಸೀಮೆಯ ಊಟದ ತಟ್ಟೆಯನ್ನು ನೋಡಬೇಕು. ಬಿಳಿಜೋಳದ ರೊಟ್ಟಿ, ಅದರ ಮೇಲೆ ಪಲ್ಯ, ಗುರೆಳ್ಳು ಚಟ್ನಿಯೋ ಶೇಂಗಾ ಚಟ್ನಿಯೋ ಒಂದಿಷ್ಟು, ಕೆನೆಮೊಸರು. ಪಕ್ಕದಲ್ಲಿ ಬೇಯಿಸದ ಹಸಿ ಕಾಯಿಪಲ್ಲೆಯ ರಾಶಿ: ಮೆಂತ್ಯದ ಎಳೆಸೊಪ್ಪು, ಉಳ್ಳಾಗಡ್ಡಿಯ ತಪ್ಪಲು, ಮೂಲಂಗಿ, ಸೌತೆಕಾಯಿ, ಗಜ್ಜರಿ. ಹಿಂಗಾರಿಯಲ್ಲಿ ಎಲ್ಲಕ್ಕೂ ಮೇಲಾಗಿ ಹಕ್ಕರಕಿ. ಹಕ್ಕರಕಿಯನ್ನು ಯಾರೂ ಬಿತ್ತುವುದಿಲ್ಲ. ಜೋಳದ ಸಾಲುಗಳ ನಡುವೆ ತಾನಾಗಿ ಹುಟ್ಟಿ, ನೆಲಕ್ಕೆ ಅಂಟಿಕೊಂಡಂತೆ ಹರಡುತ್ತದೆ. ಕಳೆ ತೆಗೆಯಲು ಹೋದ ಹೆಣ್ಣುಮಕ್ಕಳು ಉಡಿಯಲ್ಲಿ ಕಟ್ಟಿಕೊಂಡು ಬರುತ್ತಾರೆ. ಅದನ್ನು ಬೇಯಿಸುವಂತಿಲ್ಲ, ಒಗ್ಗರಣೆ ಬೇಡ. ತೊಳೆದು ರೊಟ್ಟಿಯೊಳಗೆ ಸುತ್ತಿ ಕಚ್ಚುವುದಷ್ಟೇ.

ಇದರಲ್ಲಿ ಯಾವುದನ್ನು ಹೆಪ್ಪುಗಟ್ಟಿಸಲು ಸಾಧ್ಯ? ಎಲೆಯ ಕೋಶಗಳೊಳಗಿನ ನೀರು ಹರಳುಗಟ್ಟಿದರೆ ಕೋಶಭಿತ್ತಿ ಸೀಳುತ್ತದೆ. ಕರಗಿದ ಬಳಿಕ ಉಳಿಯುವುದು ಜೋಲುಬಿದ್ದ ಹಸಿರು ಮುದ್ದೆ. ಬೇಯಿಸುವ ಪದಾರ್ಥಕ್ಕೆ ಅದು ನಡೆದೀತು. ಕಟುಮ್ಮೆಂದು ಕಚ್ಚಬೇಕಾದ ಮೂಲಂಗಿಗೆ, ಸೌತೆಗೆ, ಹಕ್ಕರಕಿಗೆ ನಡೆಯದು. (ಬದನೆಕಾಯಿಯನ್ನು ಇಡಿಯಾಗಿ ಹೆಪ್ಪುಗಟ್ಟಿಸಿ ಎಣ್ಣೆಗಾಯಿ ಮಾಡಹೊರಟವರಿದ್ದರೆ ಅದರ ಫಲವನ್ನು ಅವರೇ ಉಣ್ಣಲಿ.) ಶೀತಪೆಟ್ಟಿಗೆಗೆ ಒಗ್ಗುವ ಬಟಾಣಿ, ಸಿಹಿ ಗೋವಿನಜೋಳ, ಬೀನ್ಸ್ ಈ ಊಟದಲ್ಲಿ ಇಲ್ಲವೇ ಇಲ್ಲ. ಆದ್ದರಿಂದ ಯಾವಗಲ್ಲಿನ ಮನೆಯೊಂದಕ್ಕೆ ಆ ಚೀಲ ಬಂದರೆ ತಾಜಾ ಪದಾರ್ಥದ ಜಾಗದಲ್ಲಿ ಹೆಪ್ಪುಗಟ್ಟಿದ್ದು ಬಂದಂತಾಗುವುದಿಲ್ಲ. ಒಂದು ಊಟವೇ ಹೋಗಿ ಇನ್ನೊಂದು ಊಟ ಬಂದಂತಾಗುತ್ತದೆ. ಏನನ್ನು ಉಣ್ಣಬೇಕೆಂದು ಹೊಲವೂ ಋತುವೂ ನಿರ್ಧರಿಸುತ್ತಿದ್ದಲ್ಲಿ ಯಂತ್ರಕ್ಕೆ ಏನು ಅನುಕೂಲವೆಂಬುದು ನಿರ್ಧರಿಸತೊಡಗುತ್ತದೆ. ಜೀವಸತ್ವಗಳ ಪಟ್ಟಿ ಹಿಡಿದು ವಾದಿಸುವವರ ಲೆಕ್ಕದಲ್ಲಿ ಈ ಬದಲಾವಣೆ ಬರುವುದೇ ಇಲ್ಲ.

ಕಡಲೆಯ ಕಥೆಯಂತೂ ಇನ್ನೂ ಸೊಗಸು. ಹಿಂಗಾರಿಯ ಕಡಲೆ ಗೇಣುದ್ದ ಬೆಳೆದಾಗ ಅದರ ಕುಡಿಯನ್ನು ಚಿವುಟುತ್ತಾರೆ. ಚಿವುಟಿದಷ್ಟೂ ಗಿಡ ಕವಲೊಡೆಯುತ್ತದೆ, ಹೂ ಹೆಚ್ಚು ಹಿಡಿಯುತ್ತದೆ. ಬೆಳೆಗೂ ಲಾಭ, ಅಡುಗೆಗೂ ಲಾಭ. ಎಲೆಯ ಮೇಲೆ ಗಿಡವೇ ಸ್ರವಿಸುವ ಹುಳಿಯಿಂದಾಗಿ ಕಡಲೆಯ ಪಲ್ಯಕ್ಕೆ ಬೇರೆ ಹುಳಿ ಬೇಡ. ನಸುಕಿನ ಇಬ್ಬನಿಯಲ್ಲಿ ಬೆಳೆಯ ಮೇಲೆ ಬಟ್ಟೆ ಹಾಸಿ, ಹಿಂಡಿ, ಆ ಹುಳಿಯನ್ನು ಔಷಧಿಗೆಂದು ಶೇಖರಿಸುತ್ತಿದ್ದ ಕಾಲವೂ ಇತ್ತು. ಕುಡಿಯ ಬಳಿಕ ಎಳೆಗಾಯಿ ಸುಲಗಾಯಿ, ಆಮೇಲೆ ಕಾಳು, ಬೇಳೆ, ಹಿಟ್ಟು. ಒಂದೇ ಗಿಡ ನಾಲ್ಕು ಹಂತಗಳಲ್ಲಿ ಮನೆಗೆ ಬರುತ್ತದೆ. ಶೀತಘಟಕದ ಗುತ್ತಿಗೆದಾರನಿಗೆ ಇದರಲ್ಲಿ ಒಂದೇ ಹಂತ ಬೇಕು, ಅದೂ ಒಂದೇ ಅಳತೆಯ ಕಾಳು, ಒಂದೇ ದಿನದ ಕೊಯ್ಲು.

ಹೀಗೆಂದ ಮಾತ್ರಕ್ಕೆ ಎರೆ ಸೀಮೆಯಲ್ಲಿ ವರ್ಷವಿಡೀ ಹಸಿರು ನಲಿಯುತ್ತಿತ್ತೆಂದು ಭ್ರಮಿಸಬಾರದು. ಮಾರ್ಚ್ ದಾಟಿದರೆ ಎರೆ ಬಿರಿಯುತ್ತದೆ. ಮೊಣಕಾಲು ಸಿಕ್ಕಿಕೊಳ್ಳುವಷ್ಟು ಅಗಲದ ಬಿರುಕುಗಳು. ಕೆರೆ ತಳ ಕಾಣುತ್ತದೆ. ಮುಂಗಾರಿನ ಮೊದಲ ಸೊಪ್ಪು ಚಿಗುರುವ ತನಕ ಮೂರು ತಿಂಗಳ ಬರಿಗಾಲ. ಈ ಬರಿಗಾಲಕ್ಕೆ ಇಲ್ಲಿಯ ಹೆಂಗಸರು ಕಂಡುಕೊಂಡ ಉತ್ತರ ಬಿಸಿಲು. ಕಡಲೆಯ ಕುಡಿಯನ್ನು ನೆರಳಿನಲ್ಲೂ ಎಳೆಬಿಸಿಲಿನಲ್ಲೂ ಒಣಗಿಸಿ ಗಡಿಗೆಯಲ್ಲಿ ತುಂಬಿಟ್ಟರೆ ಬೇಸಿಗೆಯಿಡೀ ಒಣ ಕಡಲಿಪಲ್ಯ. ಚವಳಿಕಾಯಿ, ಹಾಗಲಕಾಯಿ, ಮಜ್ಜಿಗೆಯಲ್ಲಿ ನೆನೆಸಿದ ಮೆಣಸಿನಕಾಯಿ ಬಾಳಕವಾಗುತ್ತವೆ. ಸಂಡಿಗೆ, ಹಪ್ಪಳ, ಉಪ್ಪಿನಕಾಯಿಗಳಂತೂ ಸರಿಯೇ. ತಾಜಾ ಮತ್ತು ಹೆಪ್ಪುಗಟ್ಟಿಸಿದ್ದು ಎಂಬ ಎರಡೇ ಬಾಗಿಲುಗಳನ್ನು ತೋರಿಸುವವರು ಈ ಮೂರನೆಯ ಬಾಗಿಲನ್ನು ಮುಚ್ಚಿಟ್ಟಿರುತ್ತಾರೆ. ಅದರಿಂದ ಯಾರಿಗೂ ಪೆಟ್ಟಿಗೆ ಮಾರಲಾಗದು.

ಗುಡ್ಡದವರಿಗೆ ಇದು ಹೊಸದಲ್ಲ. ಬಯಲಿಗೆ ಬರಿಗಾಲ ಬೇಸಿಗೆಯಾದರೆ ಮಲೆನಾಡಿಗೆ ಮಳೆಗಾಲ. ಸೂರ್ಯ ಮೋರೆ ತೋರದ ಆಷಾಢ-ಶ್ರಾವಣಗಳಿಗೆಂದು ಹಲಸಿನ ತೊಳೆಯನ್ನು ಉಪ್ಪುನೀರಿನಲ್ಲಿ ಹಾಕಿಟ್ಟು ಉಪ್ಪುಸೊಳೆ ಮಾಡಿದವರು, ಅಪ್ಪೆಮಿಡಿಯನ್ನು ಭರಣಿಗಿಳಿಸಿದವರು ಇದೇ ಬುದ್ಧಿಯವರು. ಅಲ್ಲಿ ಬಿಸಿಲಿಲ್ಲ, ಉಪ್ಪು ಕೆಲಸ ಮಾಡಿತು; ಇಲ್ಲಿ ನೀರಿಲ್ಲ, ಬಿಸಿಲು ಕೆಲಸ ಮಾಡಿತು. ಒಣಗಿಸುವುದರಲ್ಲೂ ನಷ್ಟವಿದೆ. ಸಿ ಜೀವಸತ್ವ ಬಹುಪಾಲು ಹೋಗುತ್ತದೆ, ಕಡುಬಿಸಿಲಿನಲ್ಲಿ ಕ್ಯಾರೊಟಿನ್ ಕೂಡ. ಕಬ್ಬಿಣ, ಸುಣ್ಣದ ಅಂಶ, ನಾರು ಉಳಿಯುತ್ತವೆ. ಕ್ಯಾರೊಟಿನ್ ಉಳಿಯಬೇಕಾದರೆ ನೆರಳಿನಲ್ಲೋ ತೆಳುಬಟ್ಟೆಯ ಕೆಳಗೋ ಒಣಗಿಸುವುದೇ ಸರಿ.

ಶೀತಲ ಸರಪಳಿಯ ಅಂಕಿಗಳು

ಹೆಪ್ಪುಗಟ್ಟಿಸುವ ಉದ್ಯಮದ ಪರವಾಗಿ ಒಂದು ದೊಡ್ಡ ಮಾತು ಓಡಾಡುತ್ತದೆ: ದೇಶದಲ್ಲಿ ಬೆಳೆದ ಹಣ್ಣು-ತರಕಾರಿಯ ಶೇ. 30ರಿಂದ 40ರಷ್ಟು ಕೊಳೆತು ಹೋಗುತ್ತಿದೆ, ಶೀತಘಟಕಗಳು ಬಂದರೆ ರೈತ ಉದ್ಧಾರವಾಗುತ್ತಾನೆ. ವೇದಿಕೆ ಏರಿದವರೆಲ್ಲ ಇದನ್ನು ಹೇಳುತ್ತಾರೆ. ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಲುಧಿಯಾನದ ಸಂಸ್ಥೆ 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ತರಕಾರಿಗಳ ಕೊಯ್ಲೋತ್ತರ ನಷ್ಟ ಬೆಳೆಯಿಂದ ಬೆಳೆಗೆ ಶೇ. 4.58ರಿಂದ 12.44. 2022ರ ನ್ಯಾಬ್‌ಕಾನ್ಸ್ ಅಧ್ಯಯನವೂ ಶೇ. 4.87ರಿಂದ 11.61 ಎಂದಿತು. ಇದೂ ಸಣ್ಣ ನಷ್ಟವಲ್ಲ. ಬೆವರು ಸುರಿಸಿದವನ ಪಾಲಿಗೆ ಶೇ. 12 ಎಂದರೆ ಸಾಲದ ಬಡ್ಡಿ. ಆದರೆ ನಲವತ್ತಕ್ಕೂ ಹನ್ನೆರಡಕ್ಕೂ ನಡುವಿನ ಅಂತರ ಯಾರ ಸಬ್ಸಿಡಿಗಾಗಿ ಹುಟ್ಟಿಕೊಂಡಿತು?

ಇನ್ನೊಂದು ಲೆಕ್ಕ ಇನ್ನಷ್ಟು ಕಣ್ಣು ತೆರೆಸುವಂಥದ್ದು. ರಾಷ್ಟ್ರೀಯ ಶೀತಲ ಸರಪಳಿ ಅಭಿವೃದ್ಧಿ ಕೇಂದ್ರದ 2015ರ ಅಧ್ಯಯನವು ದೇಶದ ಶೀತಲ ಗೋದಾಮುಗಳಲ್ಲಿ ಕೊರತೆ ತೀರ ಕಡಿಮೆಯೆಂದೂ, ಬೇಕಿರುವುದು ಹೊಲದ ಸಮೀಪ ಬೆಳೆಯನ್ನು ಆಯ್ದು, ತೊಳೆದು, ತಂಪಾಗಿಸುವ ಕಟ್ಟೆಮನೆಗಳೆಂದೂ ಹೇಳಿತು. ಬೇಕಾದವು 70 ಸಾವಿರದಷ್ಟು, ಇದ್ದವು 249. ಎಂದರೆ ನಷ್ಟ ಹುಟ್ಟುವುದು ಹೊಲಕ್ಕೂ ಮೊದಲ ಮಾರುಕಟ್ಟೆಗೂ ನಡುವಿನ ಹಾದಿಯಲ್ಲಿ. ಒಂದು ಚಪ್ಪರ, ಒಂದಿಷ್ಟು ನೀರು, ಗೋಣಿಚೀಲದ ಬದಲು ಗಾಳಿಯಾಡುವ ಬುಟ್ಟಿ, ಕೆಸರಿಲ್ಲದ ರಸ್ತೆ ಇದ್ದರೆ ಉಳಿಯುವುದನ್ನು ಉಳಿಸಲು ಕೋಟಿಗಟ್ಟಲೆಯ ಘಟಕ ಬೇಕೆಂದು ವಾದಿಸಲಾಗುತ್ತಿದೆ. ರೋಣದ ರೈತನ ದೊಡ್ಡ ನೋವು ಉಳ್ಳಾಗಡ್ಡಿ. ಬೆಲೆ ಬಿದ್ದ ವರ್ಷ ಕೊಯ್ಲಿನ ಕೂಲಿಯೂ ಹುಟ್ಟದೆ ಅದು ಹೊಲದಲ್ಲೇ ಉಳಿಯುತ್ತದೆ. ಅದಕ್ಕೆ ಬೇಕಿರುವುದು ಗಾಳಿಯಾಡುವ ಒಣ ಗೋದಾಮು ಮತ್ತು ನಂಬಬಹುದಾದ ಬೆಲೆ. ಬಟಾಣಿ ಹೆಪ್ಪುಗಟ್ಟಿಸುವ ಯಂತ್ರದಿಂದ ಅದರ ಕಣ್ಣೀರು ಒರೆಸಲಾಗದು.

ಒಂದೇ ಬೆಳೆಯನ್ನು ಒಬ್ಬನೇ ಕೊಳ್ಳುವವನಿಗಾಗಿ ಬೆಳೆದರೆ ಏನಾಗುತ್ತದೆಂದು ಈ ಸೀಮೆಗೆ ಯಾರೂ ಪಾಠ ಹೇಳಬೇಕಾಗಿಲ್ಲ. ನವಿಲುತೀರ್ಥದ ಅಣೆಕಟ್ಟು 1970ರ ದಶಕದಲ್ಲಿ ಕಾಲುವೆಗಳಿಗೆ ನೀರು ಬಿಟ್ಟಾಗ ಜೋಳದ ಎರೆ ಹೈಬ್ರಿಡ್ ಹತ್ತಿಗೆ ತೆರೆದುಕೊಂಡಿತು. ಹತ್ತಿಯ ಬೆಲೆ ಕುಸಿದು, ಸುಧಾರಣಾ ಕರದ ವಸೂಲಿಯೂ ಬೆನ್ನೇರಿದಾಗ ನರಗುಂದ, ನವಲಗುಂದಗಳ ರೈತರು ಬೀದಿಗಿಳಿದರು. 1980ರ ಜುಲೈ 21ರಂದು ಗುಂಡು ಹಾರಿತು, ಜೀವಗಳು ಹೋದವು. ಗುಡ್ಡದಿಂದ ಬಂದ ನೀರು ಹತ್ತಿಗೆ ಹರಿಯಿತು, ಆಮೇಲೆ ಗೋವಿನಜೋಳಕ್ಕೂ ಹರಿಯಿತು. ಮನೆಯ ಹಿತ್ತಲಿನ ಬದನೆ, ಪುಂಡಿ, ಮೆಂತ್ಯಗಳಿಗೆ ಕಾಲುವೆಯ ಲೆಕ್ಕದಲ್ಲಿ ಜಾಗವೇ ಇರಲಿಲ್ಲ. ಗುತ್ತಿಗೆಯ ಸಿಹಿ ಗೋವಿನಜೋಳವೂ ಗುತ್ತಿಗೆಯ ಬೀನ್ಸೂ ಬಂದರೆ ಅದೇ ಹಾದಿಯಲ್ಲಿ ಇನ್ನೊಂದು ಹೆಜ್ಜೆ.

ವಿದ್ಯುತ್ತಿನ ಮಾತನ್ನೂ ಆಡಬೇಕು. ಹೆಪ್ಪುಗಟ್ಟಿಸಿದ ತರಕಾರಿ ಕಾರ್ಖಾನೆಯಿಂದ ಬಾಣಲೆಯ ತನಕ ಒಂದು ಗಳಿಗೆಯೂ ಶೀತ ತಪ್ಪಬಾರದು. ಕರಗಿ ಮತ್ತೆ ಹೆಪ್ಪುಗಟ್ಟಿದರೆ ರುಚಿಯೂ ಕೆಡುತ್ತದೆ, ಸೂಕ್ಷ್ಮಜೀವಿಗಳಿಗೂ ಹಬ್ಬ. ಹಳ್ಳಿಯ ವಿದ್ಯುತ್ತು ಅಷ್ಟು ನಂಬಿಕಸ್ತನೇ? ಗೃಹಜ್ಯೋತಿ ಯೋಜನೆ ಬಂದಮೇಲೆ, ಅಂದರೆ 2023ರ ಬಳಿಕ, ‘ಕರೆಂಟು ಪುಕ್ಕಟೆ, ಪೆಟ್ಟಿಗೆ ಓಡಿದರೇನು’ ಎಂಬ ವಾದವೂ ಕೇಳಿಬರುತ್ತದೆ. ಮನೆಗೆ ಪುಕ್ಕಟೆಯಾದದ್ದು ವಿಜಯಪುರ ಜಿಲ್ಲೆಯ ಕೂಡಗಿಗೆ ಪುಕ್ಕಟೆಯಲ್ಲ. ಅಲ್ಲಿ 2,400 ಮೆಗಾವಾಟ್‌ನ ಘಟಕ ಕಲ್ಲಿದ್ದಲು ಸುಡುತ್ತದೆ, ಕೃಷ್ಣೆಯ ನೀರು ಕುಡಿಯುತ್ತದೆ, ಸುತ್ತಲಿನ ಊರುಗಳು ಅದರ ನೆರೆಯಲ್ಲಿ ಬದುಕುತ್ತವೆ. ಅಂಗಡಿ, ಲಾರಿಗಳ ಶೀತಯಂತ್ರಗಳಲ್ಲಿ ಬಳಕೆಯಾಗುತ್ತ ಬಂದ ಆರ್-404ಎ ಎಂಬ ಅನಿಲ ಸೋರಿದರೆ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 3,900 ಪಟ್ಟು ಹೆಚ್ಚು ಭೂಮಿಯನ್ನು ಬಿಸಿಮಾಡುತ್ತದೆ. ಇಂಥ ಅನಿಲಗಳನ್ನು ಇಳಿಸಬೇಕೆಂದೇ 2016ರಲ್ಲಿ ಕಿಗಾಲಿಯಲ್ಲಿ ರಾಷ್ಟ್ರಗಳು ಒಪ್ಪಿದ್ದು. ಬಿಸಿಲೇ ಬಂಡವಾಳವಾದ ಸೀಮೆಗೆ ಈ ಸಾಹಸವೇಕೆ?

ಬಿತ್ತದ ಬೆಳೆಯ ಸಾವು

ಇಷ್ಟಾದರೂ ಹಿಮದ ಬಟಾಣಿಯೇ ಯಾವಗಲ್ಲಿನ ಮುಖ್ಯ ಶತ್ರುವೆಂದರೆ ಅದು ಅರ್ಧಸತ್ಯ. ಆ ಚೀಲ ಮನೆಗೆ ಬರುವ ಮುಂಚೆಯೇ ಹೊಲದ ಸೊಪ್ಪು ಸತ್ತಿರುತ್ತದೆ. ಕೊಂದದ್ದು ಕಳೆನಾಶಕ.

ಹಕ್ಕರಕಿ, ಗೋಳಿ, ಕಿರಕಸಾಲಿ ಕೃಷಿ ಇಲಾಖೆಯ ಪುಸ್ತಕದಲ್ಲಿ ಕಳೆಗಳು. ಬಡವರ ಪುಸ್ತಕದಲ್ಲಿ ಕಾಯಿಪಲ್ಲೆ. ಹೊಲವಿಲ್ಲದವಳಿಗೂ ಬೇರೆಯವರ ಹೊಲದಿಂದ ಪುಕ್ಕಟೆಯಾಗಿ ದಕ್ಕುತ್ತಿದ್ದ ಏಕೈಕ ತಾಜಾ ಆಹಾರ ಅದು. ಕೂಲಿಗೆ ಹೋದವಳ ಉಡಿಯಲ್ಲಿ ಸಂಜೆಯ ಪಲ್ಯ ಮನೆಗೆ ಬರುತ್ತಿತ್ತು. ಈಗ ಕಡಲೆ ಬಿತ್ತಿದ ಕೂಡಲೇ ಪೆಂಡಿಮೆಥಲಿನ್, ಉಳ್ಳಾಗಡ್ಡಿಗೆ ಆಕ್ಸಿಫ್ಲೋರ್‌ಫೆನ್, ಗೋವಿನಜೋಳಕ್ಕೆ ಅಟ್ರಜಿನ್. ಸಿಂಪಡಿಸಿದ ಹೊಲದಲ್ಲಿ ಹಕ್ಕರಕಿ ಹುಟ್ಟುವುದಿಲ್ಲ. ಹುಟ್ಟಿದರೂ ಹಸಿಯಾಗಿ ತಿನ್ನುವ ಧೈರ್ಯ ಯಾರಿಗಿದೆ? ಕೇಂದ್ರ ಸರ್ಕಾರ 2020ರಲ್ಲಿ ನಿಷೇಧಿಸಲು ಹೊರಟ 27 ಕೃಷಿವಿಷಗಳ ಕರಡುಪಟ್ಟಿಯಲ್ಲಿ ಈ ಮೂರೂ ಇದ್ದವು. 2023ರಲ್ಲಿ ಅಂತಿಮ ಆದೇಶ ಬಂದಾಗ ಪಟ್ಟಿಯಿಂದ ಪೂರ್ತಿಯಾಗಿ ನಿಷೇಧಗೊಂಡವು ಮೂರೇ, ಡೈಕೋಫಾಲ್, ಡೈನೋಕ್ಯಾಪ್, ಮೆಥೊಮಿಲ್. ಎರೆಯ ಸೊಪ್ಪನ್ನು ಕೊಲ್ಲುವ ಮೂರೂ ಬಚಾವಾದವು.

ಗುಡ್ಡದಲ್ಲೂ ಇದೇ. ಅಡಿಕೆ, ಕಾಫಿ ತೋಟಗಳಲ್ಲಿ ಗ್ಲೈಫೋಸೇಟ್ ಹೊಡೆದ ಕಡೆ ಒಂದೆಲಗ, ಚಗತೆ, ಕನ್ನೆಕುಡಿಗಳು ಸುಟ್ಟುಹೋಗುತ್ತವೆ. ತಂಬುಳಿಗೆ ಕುಡಿ ಎಲ್ಲಿಂದ ತರುವುದು? ಊರ ಸೊಪ್ಪು ಸತ್ತ ಮೇಲೆ ಸಂತೆಯ ಮೂರು ದಿನದ ಎಲೆಕೋಸೇ ‘ತಾಜಾ’. ಅದಕ್ಕೆ ಬೇಸತ್ತವರಿಗೆ ಪಟ್ಟಣದ ಶೀತಪೆಟ್ಟಿಗೆ ಕೈಬೀಸಿ ಕರೆಯುತ್ತದೆ. ವಿಷ ಮಾರಿದವರಿಗೂ ಚೀಲ ಮಾರುವವರಿಗೂ ಪರಸ್ಪರ ಪರಿಚಯವಿರಬೇಕಾಗಿಲ್ಲ. ಒಬ್ಬರು ಖಾಲಿ ಮಾಡಿದ ಜಾಗವನ್ನು ಇನ್ನೊಬ್ಬರು ತುಂಬುತ್ತಾರೆ.

ಇದು ಬರೀ ರುಚಿಯ ಹಳಹಳಿಕೆಯಲ್ಲ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 2019-21ರಲ್ಲಿ ನಡೆದಾಗ ಕರ್ನಾಟಕದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಇತ್ತು. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5. ರಕ್ತಹೀನತೆಗೆ ಕಾರಣಗಳು ಹಲವು, ಸೊಪ್ಪೊಂದೇ ಮದ್ದಲ್ಲ. ಆದರೆ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು-ತರಕಾರಿ ತಿನ್ನಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವಾಗ, ಕೂಲಿಯವಳ ಪಾಲಿನ ಪುಕ್ಕಟೆ ಸೊಪ್ಪನ್ನು ಸುಟ್ಟು ಆಮೇಲೆ ಅವಳಿಗೆ ಕಬ್ಬಿಣದ ಗುಳಿಗೆ ಹಂಚುವ ವ್ಯವಸ್ಥೆಯನ್ನು ಏನೆಂದು ಕರೆಯಬೇಕು?

ಒಂದು ಆಕ್ಷೇಪ ಉಳಿಯುತ್ತದೆ, ಅದು ಗಟ್ಟಿಯಾದದ್ದು. ಕಳೆನಾಶಕ ಬಂದದ್ದು ಬೆನ್ನು ಬಾಗಿಸಿ ಕಳೆ ಕೀಳುವ ಕೂಲಿ ಸಿಗದ್ದರಿಂದ. ಸುಲಿದ ಬಟಾಣಿ ಬಂದದ್ದು ಸೊಪ್ಪು ಸೋಸುವ, ಕಾಯಿ ಸುಲಿಯುವ ಪುರುಸೊತ್ತು ಹೆಣ್ಣಿಗೆ ಇಲ್ಲದ್ದರಿಂದ. ಬೆಳಿಗ್ಗೆ ರೊಟ್ಟಿ ಬಡಿದು, ಹೊಲಕ್ಕೋ ಕಚೇರಿಗೋ ಓಡಿ, ಸಂಜೆ ಮತ್ತೆ ಒಲೆಯ ಮುಂದೆ ಕೂರುವವಳಿಗೆ ‘ತಾಜಾ ಸೊಪ್ಪನ್ನೇ ಬಳಸಮ್ಮಾ’ ಎಂದು ಉಪದೇಶಿಸುವುದು ಸುಲಭ, ಅದರಲ್ಲೂ ಗಂಡಸರಿಗೆ. ಪರಿಸರ ಚಳವಳಿಯ ಬರಹಗಳಲ್ಲೂ ಈ ರೋಗವಿದೆ; ಅಜ್ಜಿಯ ಬಾಳಕವನ್ನು ಹೊಗಳುವವರು ಅಜ್ಜಿಯ ಸೊಂಟನೋವನ್ನು ಬರೆಯುವುದಿಲ್ಲ. ತಟ್ಟೆಯಲ್ಲಿ ಹಕ್ಕರಕಿ ಬೇಕೆನ್ನುವ ಗಂಡಸು ಅದನ್ನು ಸೋಸಲು ಕೂರಲಿ. ಸಂಡಿಗೆ ಹಾಕುವ ದಿನ ಮಾಳಿಗೆ ಏರಲಿ. ಅಲ್ಲಿಯ ತನಕ ಪಟ್ಟಣದ ನೌಕರಿಯ ಹೆಣ್ಣೊಬ್ಬಳು ವಾರಕ್ಕೊಮ್ಮೆ ಹೆಪ್ಪುಗಟ್ಟಿದ ಬಟಾಣಿಯ ಚೀಲ ಒಡೆದರೆ ಅವಳ ಮೇಲೆ ಬೆರಳು ಮಾಡುವ ಅಧಿಕಾರ ಯಾರಿಗೂ ಇಲ್ಲ.

ಆದ್ದರಿಂದ ಹೋರಾಟದ ಗುರಿ ಅವಳ ಚೀಲವಲ್ಲ, ಹೊಲ. ಎರೆಯ ಹಳೆಯ ಅಕ್ಕಡಿ ಸಾಲಿನ ಪದ್ಧತಿಯಲ್ಲಿ ಜೋಳದ ನಡುನಡುವೆ ಪುಂಡಿ, ಅವರೆ, ಮಡಕಿ, ಚವಳಿ, ಸೌತೆ ಬೆಳೆಯುತ್ತಿದ್ದವು. ಎಳ್ಳಮಾವಾಸ್ಯೆಯ ಚರಗಕ್ಕೆ ಬುತ್ತಿ ಕಟ್ಟುವಾಗ ಪುಂಡಿಪಲ್ಯ, ಬದನೆಯ ಎಣ್ಣೆಗಾಯಿ, ಮಡಕಿಕಾಳುಗಳೆಲ್ಲ ಆ ಸಾಲುಗಳಿಂದಲೇ ಬಂದವು. ಅದು ಅಸಾಧ್ಯದ ಕನಸೇನಲ್ಲ. ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘದವರು ಸಮುದಾಯ ಬೀಜ ಬ್ಯಾಂಕು ಕಟ್ಟಿ, ಸಿರಿಧಾನ್ಯ ಮತ್ತು ಮಿಶ್ರಬೆಳೆಯನ್ನು ಮರಳಿ ತಂದು, 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಪಡೆದರು. ಗುಡ್ಡದ ಕಡೆ ಶಿರಸಿಯ ವನಸ್ತ್ರೀ ಬಳಗದ ಹೆಣ್ಣುಮಕ್ಕಳು ಎರಡು ದಶಕಗಳಿಂದ ಹಿತ್ತಲಿನ ತರಕಾರಿ ಬೀಜಗಳನ್ನು ಕೈಯಿಂದ ಕೈಗೆ ದಾಟಿಸುತ್ತ ಬಂದಿದ್ದಾರೆ. ಬೀಜ ಇದೆ, ತಿಳಿವಳಿಕೆ ಇದೆ. ಇಲ್ಲದಿರುವುದು ನೀರಿನ ಪಾಲು ಮತ್ತು ಕೊಳ್ಳುವ ಕೈ.

ಕೊಳ್ಳುವ ಕೈ ಊರಿನ ಶಾಲೆಯಲ್ಲೇ ಇದೆ. ಬಿಸಿಯೂಟದ ನಿಯಮದಂತೆ ಪ್ರಾಥಮಿಕ ಶಾಲೆಯ ಪ್ರತಿ ಮಗುವಿಗೆ ದಿನಕ್ಕೆ 50 ಗ್ರಾಂ, ಹಿರಿಯ ಪ್ರಾಥಮಿಕದ ಮಗುವಿಗೆ 75 ಗ್ರಾಂ ತರಕಾರಿ ಸಲ್ಲಬೇಕು. ನೂರು ಚಿಕ್ಕ ಮಕ್ಕಳು, ನೂರು ದೊಡ್ಡ ಮಕ್ಕಳಿರುವ ಶಾಲೆಗೆ ದಿನಕ್ಕೆ ಹನ್ನೆರಡೂವರೆ ಕಿಲೋ. ಇದನ್ನು ದೂರದ ಮಾರುಕಟ್ಟೆಯ ಬಾಡಿದ ಎಲೆಕೋಸಿನಿಂದ ತುಂಬುವ ಬದಲು ಊರಿನ ಹೆಣ್ಣುಮಕ್ಕಳ ಸಂಘಗಳಿಂದ, ಕಳೆನಾಶಕ ಸೋಂಕದ ಹೊಲಗಳಿಂದ ಕೊಳ್ಳಲು ಗ್ರಾಮಸಭೆ ಒತ್ತಾಯಿಸಬಹುದು. ಬೇಸಿಗೆ ಸಮೀಪಿಸಿದ ವಾರಗಳಲ್ಲಿ ಒಣ ಕಡಲಿಪಲ್ಯ ಬೇಳೆಯೊಳಗೆ ಬೀಳಬಹುದು. ಕಾಲುವೆಗೆ ನೀರು ಬಿಡುವ ಪ್ರತಿ ಸರದಿಯಲ್ಲೂ ಊರ ಕೆರೆ ತುಂಬಿ, ಕೆರೆಯ ಕೆಳಗಿನ ಒಂದಿಷ್ಟು ಗುಂಟೆ ಭೂಮಿ ಹೊಲವಿಲ್ಲದವರ ಕಾಯಿಪಲ್ಲೆಗೆಂದು ಮೀಸಲಾಗಬೇಕು ಎಂಬ ಬೇಡಿಕೆಯನ್ನು ನೀರು ಬಳಕೆದಾರರ ಸಂಘಗಳ ಮುಂದೆ ಇಡಬೇಕು. ಹಿಂಗಾರಿ ಬಿತ್ತನೆಗೆ ಮುನ್ನ, ಅಂಗಡಿಗಳಲ್ಲಿ ಪೆಂಡಿಮೆಥಲಿನ್ ಡಬ್ಬಿಗಳು ಸಾಲುಗಟ್ಟುವ ಮೊದಲೇ, ಪ್ರತಿ ಹೊಲದಲ್ಲಿ ನಾಲ್ಕು ಸಾಲನ್ನಾದರೂ ಸಿಂಪಡಣೆಯಿಂದ ಬಿಡಿಸುವ ಮಾತು ಊರಿನ ಕಟ್ಟೆಯ ಮೇಲೆ ನಡೆಯಬೇಕು. ಆ ಕಟ್ಟೆಯ ಮೇಲೆ ಉಡಿಯಲ್ಲಿ ಸೊಪ್ಪು ತರುವವರೂ ಕುಳಿತಿರಬೇಕು.